ಕಾಫಿ ಲೋಟ ಕೈಗೆ ಬಂದರೆ ಕಾಲು ನಿಲ್ಲುತ್ತದೆ

ಪ್ರಶ್ನೆ: ಅಪ್ಪಯ್ಯನಿಗೆ 68 ವರ್ಷ. ಪಾರ್ಕಿನ್ಸನ್ ಶುರುವಾಗಿ 4 ವರ್ಷ. ಬರಿಗೈಯಲ್ಲಿ ಜಗಲಿ ಉದ್ದಕ್ಕೂ ಚೆನ್ನಾಗಿಯೇ ನಡೆಯುತ್ತಾರೆ. ಕಾಫಿ ಲೋಟ ಹಿಡಿದರೆ ಅಥವಾ ಯಾರಾದರೂ ಮಾತಾಡಿಸಿದರೆ ಹೆಜ್ಜೆ ಸಣ್ಣದಾಗಿ ಕಾಲು ನೆಲಕ್ಕೆ ಅಂಟಿಬಿಡುತ್ತದೆ. ನಡೆಯುವಾಗ ಮಾತಾಡಿಸಲೇಬೇಡಿ ಎನ್ನುತ್ತಾರೆ ಕೆಲವರು. ಎರಡನ್ನೂ ಒಟ್ಟಿಗೆ ರೂಢಿ ಮಾಡಿಸಿ ಎನ್ನುತ್ತಾರೆ ಇನ್ನು ಕೆಲವರು. ಯಾವುದು ಸರಿ?
– ತೀರ್ಥಹಳ್ಳಿಯ ಓದುಗರು

ಉತ್ತರ: ನಡಿಗೆ ನಮಗೆ ತಾನಾಗಿಯೇ ಸಾಗುತ್ತದೆ. ಪಾರ್ಕಿನ್ಸನ್‌ನಲ್ಲಿ ಡೋಪಮೈನ್ (ಚಲನೆಗೆ ಬೇಕಾದ ಮಿದುಳಿನ ರಾಸಾಯನಿಕ) ಕಡಿಮೆಯಾದಾಗ ಆ ರೂಢಿ ತಪ್ಪುತ್ತದೆ, ಪ್ರತಿ ಹೆಜ್ಜೆಯನ್ನೂ ಗಮನವಿಟ್ಟು ಇಡಬೇಕಾಗುತ್ತದೆ. ಲೋಟ ತುಳುಕದಂತೆ ನೋಡಿಕೊಳ್ಳಲು ಮನಸ್ಸು ಹೋದ ಕೂಡಲೇ ಕಾಲು ಅನಾಥವಾಗುತ್ತದೆ.

ಹಾಗೆಂದು ಮಾತು ನಿಲ್ಲಿಸಬೇಡಿ. ಬೆಲ್ಜಿಯಂ ಮತ್ತು ನೆದರ್ಲೆಂಡ್ಸ್‌ನಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮನೆಯಲ್ಲೇ 6 ವಾರ ಅಭ್ಯಾಸ ಮಾಡಿದವರ ನಡಿಗೆ ಸುಧಾರಿಸಿತು, ಬೀಳುವ ಅಪಾಯ ಹೆಚ್ಚಲಿಲ್ಲ. ನಡಿಗೆ ಮತ್ತು ಯೋಚನೆಯನ್ನು ಬೇರೆಬೇರೆಯಾಗಿ ಮಾಡಿದವರಿಗೂ ಒಟ್ಟಿಗೆ ಮಾಡಿದವರಿಗೂ ಲಾಭವಾಯಿತು. ಈಚೆಗೆ ಬಿದ್ದಿದ್ದರೆ, ಮರೆವು ಹೆಚ್ಚಿದ್ದರೆ ಅಥವಾ ಎದ್ದಾಗ ತಲೆ ಸುತ್ತುತ್ತಿದ್ದರೆ ಮಾತ್ರ ಮೊದಲು ನರರೋಗ ತಜ್ಞರನ್ನೂ ಫಿಸಿಯೋಥೆರಪಿಸ್ಟರನ್ನೂ ಕಾಣಿ.

ಮಾತ್ರೆ ಚೆನ್ನಾಗಿ ಕೆಲಸ ಮಾಡುವ ಹೊತ್ತಿನಲ್ಲೇ ಅಭ್ಯಾಸ ಮಾಡಿಸಿ. ಜಗಲಿಯಲ್ಲಿ 10 ಮೀಟರ್ ಅಳೆದು ಎರಡೂ ತುದಿಗೆ ಸುಣ್ಣದ ಗೆರೆ ಎಳೆಯಿರಿ. ಸುಮ್ಮನೆ ನಡೆಸಿ ಹೆಜ್ಜೆ ಎಣಿಸಿ. 18 ಬಂತೆನ್ನಿ. ಈಗ ತಾಳಗುಪ್ಪದಿಂದ ಶಿವಮೊಗ್ಗದವರೆಗೆ ರೈಲು ನಿಲ್ದಾಣಗಳನ್ನು ಹೇಳುತ್ತಾ ನಡೆಯಲಿ: ಸಾಗರ, ಆನಂದಪುರ, ಅರಸಾಳು, ಕುಂಸಿ. ಹೆಜ್ಜೆ 20ರ ಆಸುಪಾಸಿನಲ್ಲಿದ್ದರೆ ಸರಿ. 25ಕ್ಕೇರಿದರೆ ಕೆಲಸ ಭಾರವಾಯಿತು, ಸುಲಭದ್ದಕ್ಕೆ ಇಳಿಸಿ. ವಾರದ ಹೆಸರುಗಳು, ಹಣ್ಣುಗಳ ಹೆಸರುಗಳು ಸಾಕು. 100ರಿಂದ ಮೂರು ಮೂರು ಕಳೆಯುವುದು ಆಮೇಲೆ. ಕೈಯ ಕೆಲಸಕ್ಕೆ ಮೊದಲು ಖಾಲಿ ತಟ್ಟೆ, ನಂತರ ಅದರಲ್ಲಿ ನಾಲ್ಕು ಅಡಿಕೆ, ಅವು ಉರುಳದಿದ್ದರೆ ಅರ್ಧ ಲೋಟ ತಣ್ಣೀರು. ಬಿಸಿ ಕಾಫಿ ಅಭ್ಯಾಸಕ್ಕೆ ಬೇಡ.

ಎರಡು ಮೂರು ನಿಮಿಷ ನಡೆದು ಕೂರಲಿ, ಹೀಗೆ ಐದಾರು ಸುತ್ತು. ಕೆಲಸ ತಪ್ಪಿದರೂ ಹೆಜ್ಜೆ ದೊಡ್ಡದಾಗಿರಲಿ ಎಂದು ಆಗಾಗ ನೆನಪಿಸಿ. ಉತ್ತರ ತಪ್ಪಿದರೆ ತಿದ್ದಲು ಹೋಗಬೇಡಿ. ಹೆಚ್ಚಿನವರು ಎಡವುವುದು ತಿರುಗುವಲ್ಲಿ, ಒಂದೇ ಕಾಲ ಮೇಲೆ ಗಿರಕ್ಕನೆ ತಿರುಗಲು ಹೋಗಿ. ಆ ಹೊತ್ತಿಗೆ ಮಾತು ನಿಲ್ಲಲಿ, ಅಗಲವಾಗಿ ಸುತ್ತಿ ಬರಲಿ.

ನೀವು ಮುಂದೆ ನಿಂತು ಕೈ ಹಿಡಿದು ಎಳೆಯಬೇಡಿ, ಎಳೆದಷ್ಟೂ ದೇಹ ಮುಂದೆ ವಾಲಿ ಕಾಲು ಹಿಂದುಳಿಯುತ್ತದೆ. ಅರ್ಧ ಹೆಜ್ಜೆ ಹಿಂದೆ, ಪಕ್ಕದಲ್ಲಿರಿ. ಕಾಲು ಅಂಟಿದಾಗ "ಬೇಗ, ಬೇಗ" ಎನ್ನದೆ ಪೂರ್ತಿ ನಿಲ್ಲಿಸಿ. ತಟ್ಟೆ ಇಸಕೊಳ್ಳಿ. ಭಾರವನ್ನು ಎಡಕ್ಕೆ ಬಲಕ್ಕೆ ತೂಗಿ, ನೆಲದ ಗೆರೆ ದಾಟುವಂತೆ ಒಂದು ದೊಡ್ಡ ಹೆಜ್ಜೆ ಇಡಿಸಿ.

ಪ್ರಶ್ನೆ: ಅಂಗಳದಲ್ಲೂ ಮಾಡಿಸಬಹುದೇ?
– ಹೊಸನಗರದ ಓದುಗರು

ಉತ್ತರ: ಒಣಗಿದ ಸಮನೆಲವಾದರೆ ಮಾಡಿಸಿ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳ, ಬಚ್ಚಲು, ಮೆಟ್ಟಿಲು, ಕಾಲುಸಂಕ, ಹೊಸ್ತಿಲು ಇಲ್ಲೆಲ್ಲ ಒಂದೇ ಕೆಲಸ: ನಡೆಯುವುದು. ಹೊಸ್ತಿಲಲ್ಲಿ ನಿಂತವರನ್ನು "ಊಟ ಆಯ್ತಾ?" ಎಂದು ಕೂಡ ಕೇಳಬೇಡಿ, ದಾಟಿದ ಮೇಲೆ ಕೇಳಿ.