ಗ್ಯಾರೇಜ್ ಕಟ್ಟೆ: ಕಾರು ಎಷ್ಟು ತಗ್ಗಿಸಬಹುದು?

ಪ್ರಶ್ನೆ: ನಮಸ್ಕಾರ ಸರ್. ನನ್ನದು 2019ರ ಸ್ವಿಫ್ಟ್, ಪೆಟ್ರೋಲ್. ಟೈರಿಗೂ ಅದರ ಮೇಲಿನ ಕಮಾನಿಗೂ ನಡುವಿನ ಗ್ಯಾಪ್ ನೋಡಿದಾಗಲೆಲ್ಲ ಬೇಜಾರಾಗುತ್ತದೆ. ಲೋವರಿಂಗ್ ಸ್ಪ್ರಿಂಗ್ ಹಾಕಿಸಬೇಕು ಅಂತ ಆಸೆ. 25, 40, 60 ಮಿ.ಮೀ. ತಗ್ಗಿಸುವ ಸ್ಪ್ರಿಂಗ್ ಸಿಗುತ್ತವೆ ಎನ್ನುತ್ತಾರೆ. ನಮ್ಮ ಬೀದಿಯ ಗ್ಯಾರೇಜಿನವರು ಇರುವ ಸ್ಪ್ರಿಂಗನ್ನೇ ಒಂದು ಸುತ್ತು ಕತ್ತರಿಸಿ ಕೊಡುತ್ತೇನೆ, 2,000 ರೂಪಾಯಿ ಸಾಕು ಎಂದರು. ದಿನಾ ಹಾಸನದಿಂದ ಸಕಲೇಶಪುರಕ್ಕೆ ಒಬ್ಬನೇ ಹೋಗಿ ಬರುತ್ತೇನೆ. ಎರಡು ತಿಂಗಳಿಗೊಮ್ಮೆ ಅಪ್ಪ, ಅಮ್ಮ, ಹೆಂಡತಿ, ತಮ್ಮ ಎಲ್ಲರೂ ಸೇರಿ ಧರ್ಮಸ್ಥಳಕ್ಕೆ. ಯಾವ ಸ್ಪ್ರಿಂಗ್ ಒಳ್ಳೆಯದು?
— ಓದುಗರು, ಹಾಸನ

ಉತ್ತರ: ನಿಮ್ಮ ಪತ್ರದ ಕೊನೆಯಲ್ಲಿ ಧರ್ಮಸ್ಥಳ ಬಂತಲ್ಲ, ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. ಸ್ಪ್ರಿಂಗ್ ಆರಿಸುವಾಗ ನೀವೊಬ್ಬರೇ ಕೂತ ಕಾರನ್ನು ನೆನೆಯಬೇಡಿ. ಐದು ಜನ, ಬ್ಯಾಗು, ತೆಂಗಿನಕಾಯಿ ಚೀಲ ಎಲ್ಲ ತುಂಬಿದ ಕಾರನ್ನು ನೆನೆಯಿರಿ.

ಇದನ್ನು ನಾನು ಕಲಿತದ್ದು ಮರ್ಯಾದೆ ಕಳೆದುಕೊಂಡು. 1999ರಲ್ಲಿ ನನ್ನ ಹತ್ತಿರ ಒಂದು ಸೆಕೆಂಡ್ ಹ್ಯಾಂಡ್ ಮಾರುತಿ ಝೆನ್ ಇತ್ತು. ಕೈಯಲ್ಲಿ ಕಟಿಂಗ್ ವೀಲ್ ಇತ್ತು, ತಲೆಯಲ್ಲಿ ವಯಸ್ಸಿನ ಕೊಬ್ಬು ಇತ್ತು. ನಾಲ್ಕೂ ಸ್ಪ್ರಿಂಗಿನಿಂದ ಒಂದೂವರೆ ಸುತ್ತು ಹಾರಿಸಿದೆ. ನಿಲ್ಲಿಸಿದರೆ ಏನು ಚಂದ ಅಂತೀರಿ! ಮರುವಾರ ಮೈಸೂರಿನಿಂದ ಮಡಿಕೇರಿಗೆ ಮದುವೆಗೆ ಹೊರಟೆವು. ಹಿಂದಿನ ಸೀಟಿನಲ್ಲಿ ಅಮ್ಮ, ಇಬ್ಬರು ಚಿಕ್ಕಮ್ಮಂದಿರು. ಹುಣಸೂರು ತಲುಪುವ ಹೊತ್ತಿಗೆ ಚಿಕ್ಕಮ್ಮ, "ಏನೋ ಇದು, ಎತ್ತಿನ ಗಾಡಿನೇ ವಾಸಿ ಕಣೋ" ಎಂದರು. ಪಿರಿಯಾಪಟ್ಟಣ ದಾಟಿದ ಮೇಲೆ ಒಂದು ಹಂಪ್ಸ್, ಎಂಜಿನ್ ಕೆಳಗಿನ ಆಯಿಲ್ ಚೇಂಬರನ್ನು ಸೀಳಿಬಿಟ್ಟಿತು. ಆಯಿಲ್ ಎಲ್ಲ ರಸ್ತೆಗೆ. ರೇಷ್ಮೆ ಸೀರೆ ಉಟ್ಟ ಮೂರು ಹೆಂಗಸರು ಟೆಂಪೋ ಹತ್ತಿ ಮದುವೆಗೆ ಹೋದರು. ನಾನು ಕಾರಿನ ಜೊತೆ ಉಳಿದೆ. ಆ ಮದುವೆ ಊಟ ನನಗೆ ಇವತ್ತಿಗೂ ಬಾಕಿ.

ಮೊದಲು ಒಂದು ಭಾನುವಾರ ಟೇಪು ಹಿಡಿಯಿರಿ. ಸಮತಟ್ಟಾದ ನೆಲ, ಟೈರಿನಲ್ಲಿ ಸರಿಯಾದ ಗಾಳಿ, ಅರ್ಧ ಟ್ಯಾಂಕ್ ಪೆಟ್ರೋಲ್. ಚಕ್ರದ ನಡುಬಿಂದುವಿನಿಂದ ನೇರ ಮೇಲೆ ಕಮಾನಿನ ಅಂಚಿನವರೆಗೆ ಅಳೆಯಿರಿ. ನೆಲದಿಂದ ಅಳೆಯಬೇಡಿ, ಟೈರ್ ಸವೆದಿದ್ದರೂ ಗಾಳಿ ಕಡಿಮೆ ಇದ್ದರೂ ಆ ಲೆಕ್ಕ ತಪ್ಪುತ್ತದೆ. ನಾಲ್ಕೂ ಚಕ್ರದ ಅಳತೆ ಬರೆದುಕೊಳ್ಳಿ. ಆಮೇಲೆ ಮನೆಯವರನ್ನೆಲ್ಲ ಕೂರಿಸಿ, ಡಿಕ್ಕಿ ತುಂಬಿಸಿ, ಕಾರನ್ನು ಹತ್ತಡಿ ಹಿಂದೆ ಮುಂದೆ ಓಡಿಸಿ ಮತ್ತೆ ಅಳೆಯಿರಿ. ನನ್ನ ಈಗಿನ ಹ್ಯಾಚ್‌ಬ್ಯಾಕಿನಲ್ಲಿ ಹೀಗೆ ಮಾಡಿದಾಗ ಮುಂದೆ 15 ಮಿ.ಮೀ. ಇಳಿಯಿತು, ಹಿಂದೆ 50. ನಿಮ್ಮ ಅಮ್ಮ ಬೈಯಬಹುದು, ಸುಮ್ನೆ ಕೂರಲು ಹೇಳಿ.

ಈಗ ಲೆಕ್ಕ ನೋಡಿ. ನಿಮ್ಮ ಸ್ವಿಫ್ಟಿನ ಗ್ರೌಂಡ್ ಕ್ಲಿಯರೆನ್ಸ್, ಅಂದರೆ ಕಾರಿನ ಹೊಟ್ಟೆಗೂ ನೆಲಕ್ಕೂ ನಡುವಿನ ಅಂತರ, 163 ಮಿ.ಮೀ. ಅದು ಖಾಲಿ ಕಾರಿನ ಅಂಕಿ. ನನ್ನ ಕಾರಿನಷ್ಟೇ ನಿಮ್ಮದೂ ಇಳಿದರೆ, ಐದು ಜನ ಕೂತಾಗ ಕಾರಿನ ನಡುಭಾಗ ಸುಮಾರು 30 ಮಿ.ಮೀ. ಕೆಳಗೆ ಬರುತ್ತದೆ. ಉಳಿದದ್ದು 130ರ ಆಸುಪಾಸು. ಅದರಲ್ಲಿ 60 ತೆಗೆದರೆ 70. ಒಂದು ಅಂಗೈ ಅಗಲವೂ ಇಲ್ಲ.

ಇಲ್ಲಿ ಹಂಪ್ಸಿನ ಕತೆ ಸ್ವಲ್ಪ ಹೇಳಬೇಕು. ರಸ್ತೆ ಹೇಗಿರಬೇಕೆಂದು ಅಳತೆ ಬರೆದುಕೊಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪ್ಸ್ 10 ಸೆಂ.ಮೀ. ಎತ್ತರ, ಆದರೆ 3.7 ಮೀಟರ್ ಅಗಲ. ಅಂದರೆ ನಿಧಾನವಾಗಿ ಏರಿ ನಿಧಾನವಾಗಿ ಇಳಿಯುವ ದಿಬ್ಬ. ಸ್ವಿಫ್ಟಿನ ಮುಂದಿನ ಹಿಂದಿನ ಚಕ್ರಗಳ ನಡುವೆ 2,450 ಮಿ.ಮೀ. ಅಂತರ. ಅಂಥ ದಿಬ್ಬದ ಮೇಲೆ ನಾಲ್ಕೂ ಚಕ್ರ ಇದ್ದಾಗ ದಿಬ್ಬದ ನೆತ್ತಿ ಕಾರಿನ ಹೊಟ್ಟೆಯೊಳಗೆ ಬರುವುದು 44 ಮಿ.ಮೀ. ಮಾತ್ರ. ನಿಧಾನಕ್ಕೆ ಹೋದರೆ 60 ತಗ್ಗಿಸಿದ ಕಾರೂ ದಾಟೀತು. ಆದರೆ ನಮ್ಮ ಊರಿನ ಮುಂದೆ ರಾತ್ರೋರಾತ್ರಿ ಹುಟ್ಟುವ ಹಂಪ್ಸ್ ಹಾಗಿರುತ್ತದಾ? ಒಂದು ಮೀಟರ್ ಅಗಲ, ಗೇಣುದ್ದ ಎತ್ತರ. ಅದು ಇಡಿಯಾಗಿ ಎರಡು ಚಕ್ರಗಳ ಮಧ್ಯೆ ಕೂರುತ್ತದೆ. 12 ಸೆಂ.ಮೀ. ಎತ್ತರ ಇದ್ದರೆ ಪೂರ್ತಿ 12 ಸೆಂ.ಮೀ. ನಿಮ್ಮ ಹೊಟ್ಟೆಗೆ ಬರುತ್ತದೆ. ಕಂಪನಿ ಎತ್ತರದ ಕಾರೇ ಐದು ಜನರೊಂದಿಗೆ ಅಲ್ಲಿ ಉಸಿರು ಬಿಗಿಹಿಡಿದು ದಾಟಬೇಕು. ಇದೆಲ್ಲ ನಿಂತ ಕಾರಿನ ಲೆಕ್ಕ. ಓಡುವ ಕಾರು ಹಂಪ್ಸ್ ಇಳಿಯುವಾಗ ಇನ್ನೂ ಕುಗ್ಗುತ್ತದೆ. ಹಾಗಾಗಿ 60 ಬಿಟ್ಟುಬಿಡಿ. 40 ಕೂಡ ಒಬ್ಬನೇ ಓಡಾಡುವವರ ಸ್ಪ್ರಿಂಗು.

ಕತ್ತರಿಸುವ ವಿಷಯಕ್ಕೆ ಬರೋಣ. ಸ್ಪ್ರಿಂಗ್ ಅಂದರೆ ಸುರುಳಿ ಸುತ್ತಿದ ಕಂಬಿ, ಅಷ್ಟೇ. ಭಾರ ಬಿದ್ದಾಗ ಆ ಕಂಬಿ ಒಳಗೊಳಗೇ ತಿರುಚಿಕೊಳ್ಳುತ್ತದೆ. ಉದ್ದ ಕಂಬಿಯನ್ನು ತಿರುಚುವುದು ಸುಲಭ, ಗಿಡ್ಡ ಕಂಬಿಯನ್ನು ಕಷ್ಟ. ಕೆಲಸ ಮಾಡುವ ಆರು ಸುತ್ತಿನಲ್ಲಿ ಒಂದು ಕತ್ತರಿಸಿದರೆ ಸ್ಪ್ರಿಂಗ್ 20% ಗಟ್ಟಿಯಾಗುತ್ತದೆ. ಗಟ್ಟಿಯಾಗುವುದು ತಪ್ಪಲ್ಲ. ತಪ್ಪು ಎಲ್ಲಿ ಅಂದರೆ, ಸ್ಪ್ರಿಂಗಿನ ತುದಿ ಕೂರುವ ಒಂದು ಬಟ್ಟಲು ಇರುತ್ತದೆ, ಅದರಲ್ಲಿ ಸರಿಯಾಗಿ ಕೂರಲೆಂದು ಮಾಡಿದ ತುದಿ ಹೋಗುತ್ತದೆ. ಕತ್ತರಿಸಿದ ಚೂಪು ಅಂಚು ರಬ್ಬರನ್ನು ಕಡಿಯುತ್ತದೆ. ಚಕ್ರ ಗುಂಡಿಗೆ ಇಳಿದಾಗ ಸ್ಪ್ರಿಂಗ್ ಸಡಿಲವಾಗಿ ಜಾಗ ತಪ್ಪಬಹುದು. ಇನ್ನು ಕೆಲವರು ಗ್ಯಾಸ್ ಕಟ್ಟರಿನಿಂದ ಕಾಯಿಸಿ ಕೂರಿಸುತ್ತಾರೆ. ಕಾದ ಜಾಗದಲ್ಲಿ ಉಕ್ಕಿನ ಹದವೇ ಹೋಗುತ್ತದೆ. ಎಡಗಡೆ ಒಂದು ಎತ್ತರ, ಬಲಗಡೆ ಇನ್ನೊಂದು. 2,000 ರೂಪಾಯಿ ಕೊಟ್ಟು ಕಾರಿಗೆ ಕುಂಟು ತರಿಸಿಕೊಳ್ಳಬೇಡಿ.

ಒಳ್ಳೆಯ ಕಿಟ್ ಹುಡುಕುವಾಗ ಮಾಡೆಲ್ ಹೆಸರಿಗಿಂತ ಮುಂದಿನ ಆಕ್ಸಲ್ ಮೇಲಿನ ತೂಕ, ಅಂದರೆ ಮುಂದಿನ ಎರಡು ಚಕ್ರ ಹೊರುವ ತೂಕ ಮುಖ್ಯ. ನಿಮ್ಮ ತಲೆಮಾರಿನ ಸ್ವಿಫ್ಟಿನಲ್ಲಿ ಡೀಸೆಲ್ ಕಾರು ಪೆಟ್ರೋಲಿಗಿಂತ ಸುಮಾರು 100 ಕೆ.ಜಿ. ಜಾಸ್ತಿ. ಅದರ ಬಹುಪಾಲು ಮುಂದೆ, ಎಂಜಿನ್ ಇರುವ ಕಡೆ. ಒಂದು ಸ್ಪ್ರಿಂಗ್ ಒಂದು ಮಿ.ಮೀ. ಕುಗ್ಗಲು 2 ಕೆ.ಜಿ. ಬೇಕು ಎಂದಿಟ್ಟುಕೊಳ್ಳಿ. 100 ಕೆ.ಜಿ. ಎರಡು ಸ್ಪ್ರಿಂಗಿಗೆ ಹಂಚಿದರೆ 25 ಮಿ.ಮೀ. ವ್ಯತ್ಯಾಸ! ಡೀಸೆಲಿಗೆ ಮಾಡಿದ ಲೋವರಿಂಗ್ ಸ್ಪ್ರಿಂಗನ್ನು ನಿಮ್ಮ ಪೆಟ್ರೋಲ್ ಕಾರಿಗೆ ಹಾಕಿದರೆ ಮುಂದೆ ಏನೂ ತಗ್ಗದೇ ಇರಬಹುದು. ಐಬಾಕ್, ಎಚ್ ಅಂಡ್ ಆರ್ ಥರದ ಜರ್ಮನಿಯ ಸ್ಪ್ರಿಂಗುಗಳ ಕಾಗದದಲ್ಲಿ ಇಷ್ಟು ಆಕ್ಸಲ್ ತೂಕದವರೆಗೆ ಅಂತ ಬರೆದಿರುತ್ತಾರೆ. ಅದನ್ನು ಓದಿ. ಬಣ್ಣ ನೋಡಿ ಕೊಳ್ಳಬೇಡಿ, ಕೆಂಪು ಪೇಂಟು ಯಾರು ಬೇಕಾದರೂ ಬಳಿಯಬಹುದು. ಕಂಬಿಯ ದಪ್ಪ ಅಳೆಯಲು ಅಂಗಡಿಗೆ ವರ್ನಿಯರ್ ತೆಗೆದುಕೊಂಡು ಹೋಗಿ. ಸುತ್ತು, ಅಗಲ ಎಲ್ಲ ಒಂದೇ ಇದ್ದು ಕಂಬಿ ಮಾತ್ರ 12 ಮಿ.ಮೀ. ಬದಲು 13 ಆದರೆ ಸ್ಪ್ರಿಂಗಿನ ಗಟ್ಟಿತನ ಮೂರನೇ ಒಂದಕ್ಕಿಂತ ಜಾಸ್ತಿ ಏರುತ್ತದೆ.

ತಗ್ಗಿಸಿದಾಗ ಕಳೆದುಹೋಗುವುದು ಎತ್ತರ ಮಾತ್ರ ಅಲ್ಲ, ಚಕ್ರ ಮೇಲೆ ಚಲಿಸುವ ದಾರಿಯೂ. ಆ ದಾರಿ ಅರ್ಧ ಆಯಿತು ಅನ್ನಿ. ಅದೇ ಗುಂಡಿಯ ಅದೇ ಪೆಟ್ಟನ್ನು ಸ್ಪ್ರಿಂಗೊಂದೇ ನುಂಗಬೇಕಾದರೆ ಅದು ನಾಲ್ಕು ಪಟ್ಟು ಗಟ್ಟಿ ಇರಬೇಕು. ಅಂಥ ಕಾರಿನಲ್ಲಿ ಯಾರೂ ಕೂರಲಾರರು. ಆದ್ದರಿಂದ ಉಳಿದ ಪೆಟ್ಟು ಬಂಪ್ ಸ್ಟಾಪಿಗೆ ಹೋಗುತ್ತದೆ, ಅಂದರೆ ಸ್ಪ್ರಿಂಗಿನ ಕುಣಿತ ನಿಲ್ಲಿಸುವ ಶಾಕ್ ಅಬ್ಸಾರ್ಬರಿನ ರಾಡಿನ ಮೇಲಿರುವ ಸ್ಪಾಂಜಿನಂಥ ತುಂಡಿಗೆ. "ಸ್ಪ್ರಿಂಗ್ ಗಟ್ಟಿ ಇದೆ ಸಾರ್, ಎತ್ತಿ ಹಾಕುತ್ತೆ" ಎಂದು ಬರುವ ಕಾರುಗಳನ್ನು ಬಿಚ್ಚಿ ನೋಡಿದರೆ ಹೆಚ್ಚಿನ ಸಲ ಈ ತುಂಡು ಪುಡಿಪುಡಿ ಆಗಿರುತ್ತದೆ. ಸ್ಪ್ರಿಂಗ್ ಪಾಪ, ಅದರದ್ದೇನೂ ತಪ್ಪಿರುವುದಿಲ್ಲ.

ಶಾಕ್ ಅಬ್ಸಾರ್ಬರ್ ಹಳೆಯದಾಗಿದ್ದರೆ ಜೊತೆಗೇ ಬದಲಿಸಿ. ಮೆತ್ತಗಿನ ಸ್ಪ್ರಿಂಗಿನ ಜೊತೆ ಬದುಕಿದ ಶಾಕ್, ಗಟ್ಟಿ ಸ್ಪ್ರಿಂಗನ್ನು ಹಿಡಿದು ನಿಲ್ಲಿಸಲಾರದು. ತಗ್ಗಿಸಿದ ಕಾರಿಗೆಂದೇ ಗಿಡ್ಡ ಶಾಕ್ ಮಾಡುವವರಿದ್ದಾರೆ. ಬಿಲ್‌ಸ್ಟೈನ್‌ನವರ ಬಿ6 ಕಂಪನಿ ಎತ್ತರಕ್ಕೆ, ಬಿ8 ತಗ್ಗಿಸಿದ ಕಾರಿಗೆ. ಅದೇ ಬೇಕು ಅಂತೇನಲ್ಲ, ಆ ಭೇದ ಇದೆ ಅಂತ ತಿಳಿದಿರಲಿ.

ತಗ್ಗಿಸಿದರೆ ಶಿರಾಡಿ ತಿರುವಿನಲ್ಲಿ ಕಾರು ವಾಲುವುದಿಲ್ಲ ಅಂತ ಗೆಳೆಯರು ಹೇಳಿರಬೇಕು, ಅಲ್ವಾ? ಅರ್ಧ ನಿಜ. ಚಕ್ರವನ್ನು ಕೆಳಗಿನಿಂದ ಕಾರಿಗೆ ಹಿಡಿದಿಡುವ ತೋಳು, ಮುಂದಿನ ಲೋವರ್ ಆರ್ಮ್, ನೆಲಕ್ಕೆ ಸಮವಾಗಿ ಅಥವಾ ಚಕ್ರದ ಕಡೆ ಸ್ವಲ್ಪ ಇಳಿಜಾರಾಗಿ ಇರಬೇಕು. ಜಾಸ್ತಿ ತಗ್ಗಿಸಿದರೆ ಅದರ ಚಕ್ರದ ತುದಿ ಮೇಲೇರುತ್ತದೆ. ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೋ ಆ ಬಿಂದು ಆಗ ಕಾರಿಗಿಂತ ಬೇಗ ಕೆಳಗೆ ಜಾರುತ್ತದೆ. ಸ್ಪ್ರಿಂಗ್ ಗಟ್ಟಿ ಮಾಡಿ ಗಳಿಸಿದ್ದನ್ನು ಅಲ್ಲಿ ಕಳೆದುಕೊಳ್ಳುತ್ತೀರಿ. 25ರಲ್ಲಿ ಈ ತೊಂದರೆ ಅಷ್ಟಿಲ್ಲ.

ಹಾಕಿಸುವ ದಿನ ಗ್ಯಾರೇಜಿನಲ್ಲಿ ನಿಂತು ಒಂದು ಕೆಲಸ ಗಮನಿಸಿ. ಲೋವರ್ ಆರ್ಮಿನ ಬುಷ್, ಅಂದರೆ ಕೀಲಿನಲ್ಲಿರುವ ರಬ್ಬರ್ ತುಂಡಿನ ಬೋಲ್ಟುಗಳನ್ನು ಬಿಚ್ಚಿದ್ದರೆ, ಕೊನೆಯ ಬಿಗಿ ಕೊಡಬೇಕಾದದ್ದು ಕಾರು ತನ್ನ ಚಕ್ರದ ಮೇಲೆ ನಿಂತಾಗ. ಜ್ಯಾಕಿನ ಮೇಲೆ ಚಕ್ರ ನೇತಾಡುವಾಗ ಬಿಗಿದರೆ, ಇಳಿಸಿದ ಮೇಲೆ ರಬ್ಬರ್ ತಿರುಚಿಕೊಂಡೇ ಇರುತ್ತದೆ. ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಹತ್ತು ನಿಮಿಷ ಉಳಿಸಲು ಇದನ್ನು ಬಿಡುವವರೇ ಜಾಸ್ತಿ. ವೀಲ್ ಅಲೈನ್‌ಮೆಂಟ್ ಅವತ್ತೊಮ್ಮೆ, ಸ್ಪ್ರಿಂಗ್ ಕೂತ ಮೇಲೆ, ಅಂದರೆ 500 ಕಿ.ಮೀ. ಓಡಿಸಿ ಇನ್ನೊಮ್ಮೆ. ಹೆಡ್‌ಲೈಟಿನ ದಿಕ್ಕೂ ನೋಡಿಸಿ.

ಕಾನೂನು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರುವ ವಿವರಕ್ಕೂ ಕಂಪನಿಯ ಮೂಲ ವಿವರಕ್ಕೂ ಹೊಂದದಂತೆ ವಾಹನ ಬದಲಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಎಂದಾಯಿತು. ಸ್ಪ್ರಿಂಗ್ ಎತ್ತರದ ಬಗ್ಗೆ ಆರ್‌ಸಿಯಲ್ಲಿ ಸಾಲೇ ಇಲ್ಲ, ಏನೂ ಆಗಲ್ಲ ಎನ್ನುವವರಿದ್ದಾರೆ. ನಾನು ಆ ಧೈರ್ಯ ಕೊಡಲಾರೆ. ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳಿ, ಇನ್ಶೂರೆನ್ಸ್ ಕಂಪನಿಗೆ ಬರೆದು ತಿಳಿಸಿ, ಉತ್ತರವನ್ನು ಕಾಗದದಲ್ಲೇ ಪಡೆಯಿರಿ.

ಇಷ್ಟೆಲ್ಲ ಆದ ಮೇಲೂ ಆಸೆ ಉಳಿದರೆ 25 ಮಿ.ಮೀ. ಅದಕ್ಕಿಂತ ಒಂದು ಕೂದಲೂ ಜಾಸ್ತಿ ಬೇಡ. ಹಳೆಯ ಸ್ಪ್ರಿಂಗುಗಳನ್ನು ಗುಜರಿಗೆ ಹಾಕದೆ ಅಟ್ಟದ ಮೇಲಿಡಿ.

ಪ್ರಶ್ನೆ: ನಮ್ಮ ಎಂಟು ವರ್ಷದ ವ್ಯಾಗನ್ ಆರ್ ಹಿಂದೆ ಕೂತುಬಿಟ್ಟಿದೆ. ಮೂವರು ಹಿಂದೆ ಕೂತರೆ ಹಂಪ್ಸ್ ತಾಗುತ್ತದೆ. ಶಾಕ್ ಅಬ್ಸಾರ್ಬರ್ ಹೋಗಿದೆ, ಬದಲಿಸಬೇಕು ಎಂದು ಒಬ್ಬರು. ಸ್ಪ್ರಿಂಗ್ ಸುತ್ತುಗಳ ನಡುವೆ ರಬ್ಬರ್ ಬಫರ್ ಹಾಕಿಸಿ, ಎತ್ತರ ಬರುತ್ತದೆ ಎಂದು ಇನ್ನೊಬ್ಬರು. ಯಾರ ಮಾತು ಕೇಳಲಿ?
— ಗೃಹಿಣಿ, ಶಿರಸಿ

ಉತ್ತರ: ಇಬ್ಬರದ್ದೂ ಬೇಡ ಅಕ್ಕ. ಕಾರನ್ನು ಎತ್ತಿ ಹಿಡಿಯುವುದು ಸ್ಪ್ರಿಂಗ್, ಕುಣಿತ ನಿಲ್ಲಿಸುವುದು ಶಾಕ್. ಶಾಕ್ ಹೋದರೆ ಕಾರು ತೊಟ್ಟಿಲಿನಂತೆ ತೂಗುತ್ತದೆ, ಕೂರುವುದಿಲ್ಲ. ನಿಮ್ಮ ಹಿಂದಿನ ಸ್ಪ್ರಿಂಗ್ ಸೋತಿದೆ. ಕಂಪನಿಯದೇ ಹೊಸ ಜೋಡಿ ಹಾಕಿಸಿ. ಒಂದೇ ಕಡೆ ಬದಲಿಸಬೇಡಿ. ಬಫರ್ ಏನು ಮಾಡುತ್ತದೆ ಅಂದರೆ, ತಾನು ಸಿಕ್ಕಿಕೊಂಡ ಸುತ್ತಿಗೆ ಕೆಲಸ ಮಾಡಲು ಬಿಡುವುದಿಲ್ಲ. ಆ ಕೆಲಸ ಪಕ್ಕದ ಸುತ್ತುಗಳ ಮೇಲೆ ಬೀಳುತ್ತದೆ. ಸೋತ ಸ್ಪ್ರಿಂಗಿಗೆ ಇನ್ನಷ್ಟು ಹೊರೆ ಯಾಕೆ? ನಿಮ್ಮ ಕಡೆ ಮಳೆ ಜಾಸ್ತಿ. ಸ್ಪ್ರಿಂಗ್ ಕೂರುವ ಬಟ್ಟಲಿನಲ್ಲಿ ತುಕ್ಕು ಹಿಡಿದಿದೆಯಾ ಅಂತಲೂ ಬಿಚ್ಚಿದಾಗ ನೋಡಲು ಹೇಳಿ.

ಪ್ರಶ್ನೆ: ಸ್ಪ್ರಿಂಗ್ ಮುಟ್ಟದೆ ಟೈರ್ ಬದಲಿಸಿಯೇ ಕಾರು ತಗ್ಗಿಸಬಹುದಲ್ಲವೇ? ನನ್ನದು 185/65 ಆರ್15. 195/55 ಆರ್15 ಹಾಕಿದರೆ?
— ವಿದ್ಯಾರ್ಥಿ, ದಾವಣಗೆರೆ

ಉತ್ತರ: ಮೊದಲ ಅಂಕಿ ಟೈರಿನ ಅಗಲ ಮಿ.ಮೀ.ನಲ್ಲಿ, ಎರಡನೆಯದು ಟೈರಿನ ಪಕ್ಕದ ಗೋಡೆಯ ಎತ್ತರ, ಅಗಲದ ಶೇಕಡಾ ಲೆಕ್ಕದಲ್ಲಿ. ಹಾಗಾಗಿ ಕಾರು ತಗ್ಗುತ್ತದೆ, 13 ಮಿ.ಮೀ. ಆದರೆ ಟೈರೇ ಚಿಕ್ಕದಾದ್ದರಿಂದ ಮೇಲಿನ ಗ್ಯಾಪ್ ಇನ್ನೂ 13 ಮಿ.ಮೀ. ದೊಡ್ಡದಾಗಿ ಕಾಣುತ್ತದೆ. ನಿಮಗೆ ಬೇಕಾದದ್ದು ಅದಲ್ಲ ಅಂದುಕೊಳ್ಳುತ್ತೇನೆ. ಸ್ಪೀಡೋಮೀಟರ್ ಈಗ ಸರಿ ತೋರಿಸುತ್ತಿದ್ದರೆ, ಆಮೇಲೆ 100 ಅಂದಾಗ ನೀವು 96ರಲ್ಲಿ ಇರುತ್ತೀರಿ. ಓಡೋಮೀಟರೂ ಅಷ್ಟೇ ಸುಳ್ಳು ಹೇಳುತ್ತದೆ, ಮೈಲೇಜ್ ಲೆಕ್ಕ ಹಾಕುವಾಗ ಸುಮ್ನೆ ಖುಷಿ ಪಡಬಹುದು.