ಬೇರು ಜಾಸ್ತಿ ಇರುವ ಗೋಧಿ ಬರ ತಡೆಯುತ್ತಾ?

ಪ್ರಶ್ನೆ: ನಮ್ಮದು ಎರೆ ಹೊಲ. ಹಿಂಗಾರಿಗೆ ನೀರಾವರಿ ಇಲ್ಲದೇ ಗೋಧಿ ಬಿತ್ತುತ್ತೇವೆ. ಮೊದಲೆಲ್ಲ ಬೆಳೆ ಚೆಂದ ಇರುತ್ತದೆ. ಕಾಳು ಕಟ್ಟುವ ಹೊತ್ತಿಗೆ ಒಣಗಿ ಜೊಳ್ಳಾಗುತ್ತದೆ. ಜಾಸ್ತಿ ಬೇರು ಬಿಡುವ ತಳಿ ಮಾಡಿದರೆ ಸಾಕಲ್ವಾ ಸರ್?
– ಓದುಗರು, ಗದಗ ಜಿಲ್ಲೆ

ಉತ್ತರ: ಬರೀ ಬೇರು ಜಾಸ್ತಿಯಾದರೆ ನಿಮ್ಮ ಹೊಲದಲ್ಲಿ ಅದು ಉಲ್ಟಾ ಹೊಡೆಯಬಹುದು. ಹಿಂಗಾರಿ ಬೆಳೆ ಬದುಕುವುದು ಮಳೆಗಾಲದಲ್ಲಿ ಎರೆ ಮಣ್ಣು ಹಿಡಿದಿಟ್ಟ ಹಸಿಯ ಮೇಲೆ. ಮೇಲ್ಮಣ್ಣಲ್ಲೇ ದಟ್ಟವಾಗಿ ಬೇರು ಹರಡುವ ಗಿಡ ಸಂಬಳವನ್ನೆಲ್ಲ ಮೊದಲ ವಾರದಲ್ಲೇ ಮುಗಿಸಿದ ಹಾಗೆ ಆ ಹಸಿಯನ್ನು ಎಲೆಗೆ ಸುರಿದುಬಿಡುತ್ತದೆ. ತೆನೆಗೆ ಏನೂ ಉಳಿಯುವುದಿಲ್ಲ.

ಗೋಧಿಗೆ ಎರಡು ಬಗೆ ಬೇರು. ಬೀಜದಿಂದಲೇ ಹೊರಡುವ ಮೂರರಿಂದ ಆರು ಬೇರು ಮೊದಲನೆಯವು. ಬಿತ್ತಿ ಸುಮಾರು ಮೂರು ವಾರಕ್ಕೆ ಬುಡದಿಂದ ಹೊರಡುವವು ಎರಡನೆಯವು. ನೀರಾವರಿ ಗೋಧಿಗೆ 21ನೇ ದಿನದ ಹೊತ್ತಿಗೆ ನೀರು ಬಿಡಿ ಅನ್ನುವುದು ಇವಕ್ಕಾಗಿಯೇ. ಒಣ ಹೊಲದಲ್ಲಿ ಅಷ್ಟರೊಳಗೆ ಮೇಲ್ಮಣ್ಣು ಒಣಗಿರುತ್ತದೆ. ಒಂದು ಗಿಡ ಅಗೆದು ನೋಡಿ: ಬುಡದ ಸುತ್ತ ಮೊಂಡು ಬೇರುಗಳು ಮುಂದೆ ಹೋಗಲಾರದೆ ನಿಂತಿರುತ್ತವೆ. ಇಡೀ ಗಿಡ ಬೀಜದ ಆ ನಾಲ್ಕೈದು ಬೇರನ್ನೇ ನಂಬಿರುತ್ತದೆ.

ಆಸ್ಟ್ರೇಲಿಯಾದ ವಿಜ್ಞಾನಿ ಜಾನ್ ಪ್ಯಾಸಿಯೂರಾ 1970ರ ದಶಕದ ಆರಂಭದಲ್ಲೇ ಇದನ್ನು ಹಿಡಿದರು. ಕೂಡಿಟ್ಟ ನೀರಿನಲ್ಲೇ ಬೆಳೆಸಿದಾಗ, ಬೀಜದ ಒಂದೇ ಬೇರು ಉಳಿಸಿದ ಗಿಡ ಹೆಚ್ಚು ಬೇರಿನ ಗಿಡಕ್ಕಿಂತ ಜಾಸ್ತಿ ಕಾಳು ಕೊಟ್ಟಿತು! ಮುಂದೆ ಅವರೂ ಅಲ್ಲಿನ ಇನ್ನೊಬ್ಬ ವಿಜ್ಞಾನಿ ರಿಚರ್ಡ್ ರಿಚರ್ಡ್ಸ್ ಅವರೂ ಬೀಜದ ಬೇರಿನೊಳಗಿನ ನೀರಿನ ಕೊಳವೆಯನ್ನೇ ಸಣ್ಣ ಮಾಡಲು ಹೊರಟರು. ತಳಿ ಸಂಕರ ಮಾಡಿ 65 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್) ಅಗಲವನ್ನು 55ಕ್ಕಿಂತ ಕೆಳಗಿಳಿಸಿದರು. ಹತ್ತೇ ಮೈಕ್ರಾನ್ ಅಂತ ನಗಬೇಡಿ. ಕೊಳವೆ ಅಷ್ಟು ಸಣ್ಣದಾದರೆ ಹರಿವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ತೀರಾ ಒಣ ಜಾಗಗಳಲ್ಲಿ ಇಳುವರಿ ಶೇ 3ರಿಂದ 11ರಷ್ಟು ಏರಿತು. ಮಳೆ ಚೆನ್ನಾಗಿದ್ದರೆ ಬುಡದ ಬೇರು ಕೈಹಿಡಿಯುವುದರಿಂದ ನಷ್ಟವೂ ಇಲ್ಲ. ತೊಡಕು ಒಂದೇ, ಗಿಡ ಗಿಡದ ಬೇರು ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ಅಳೆಯಬೇಕು. ತಳಿ ಅಭಿವೃದ್ಧಿ ಮಾಡುವವರಿಗೆ ಅದು ಬೆನ್ನು ಮುರಿಯುವ ಕೆಲಸ.

ಬೇರಿನ ಕೋನ ನೋಡುವುದು ಅದಕ್ಕಿಂತ ಸಲೀಸು. ನೇರ ಕೆಳಗಿಳಿಯುವ ಬೇರು ಆಳದ ಹಸಿ ಮುಟ್ಟುತ್ತದೆ. ಕಾಳು ತುಂಬುವಾಗ ಆಳದಿಂದ ಎಳೆದ ಒಂದೊಂದು ಮಿಲಿಮೀಟರ್ ನೀರಿಗೂ ಹೆಕ್ಟೇರಿಗೆ 55–60 ಕಿಲೋ ಕಾಳು ಸಿಕ್ಕಿದ್ದನ್ನು ಆಸ್ಟ್ರೇಲಿಯಾದಲ್ಲಿ ಲೆಕ್ಕ ಹಾಕಿದ್ದಾರೆ.

ಇದನ್ನು ನೀವೂ ನೋಡಬಹುದು. ಪಾರದರ್ಶಕ ಡಬ್ಬಿಗೆ ಹಸಿ ಮಣ್ಣು ತುಂಬಿ. ಬೀಜದ ಮೊಳಕೆ ತುದಿ ಕೆಳಗೆ ಮಾಡಿ, ಡಬ್ಬಿಯ ಗೋಡೆಗೆ ತಾಗುವಂತೆ ಊರಿ. ಸುತ್ತ ಕಪ್ಪು ಬಟ್ಟೆ ಕಟ್ಟಿ. ಐದನೇ ದಿನ ಬಿಚ್ಚಿದರೆ ಅಕ್ಕಪಕ್ಕದ ಮೊದಲ ಜೋಡಿ ಬೇರಿನ ನಡುವಿನ ಕೋನ ಕಾಣುತ್ತದೆ. ಕೋನ ಕಿರಿದಾದಷ್ಟೂ ಬೇರು ನೇರ ಕೆಳಗಿಳಿಯುತ್ತಿದೆ ಎಂದರ್ಥ. ನಿಮ್ಮಲ್ಲಿ ಹಳೆಯ ಗೋಧಿ ತಳಿ ಬಿಜಗಾ ಯೆಲ್ಲೋದ ಬೀಜ ಇದ್ದರೆ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಹೊಸ ತಳಿಯ ಜೊತೆ ಇಟ್ಟು ನೋಡಿ. ಒಂದೆರಡು ಬೀಜ ಸಾಲದು, ತಳಿಗೆ ಹದಿನೈದಿಪ್ಪತ್ತಾದರೂ ಇರಲಿ. ಇದು ಸಸಿಯ ಲಕ್ಷಣ ಅಷ್ಟೇ, ಇಳುವರಿ ಅಲ್ಲ.

ಬಿತ್ತುವ ಮೊದಲು ಹೊಲದಲ್ಲಿ ಒಂದು ಗುಂಡಿ ತೋಡಿ. ಎರಡಡಿಗೇ ಗರಸು ಸಿಕ್ಕರೆ ಆಳದ ಬೇರಿಗೆ ಹೋಗಲು ಜಾಗವೇ ಇಲ್ಲ. ಅಂಥಲ್ಲಿ ಬೇಗ ಕಟಾವಿಗೆ ಬರುವ ತಳಿಯನ್ನೇ ಹುಡುಕಿ.