ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿಗೆ ಯುದ್ಧ ನಿಲ್ಲಿಸುವ ಅಧಿಕಾರ ಇದೆಯೇ?

ಇಲ್ಲ. ಅವರಿಗೆ ಸ್ವಂತ ಸೈನ್ಯವೇ ಇಲ್ಲ. ನೀಲಿ ಹೆಲ್ಮೆಟ್ಟಿನ ಶಾಂತಿಪಾಲಕರು ಸದಸ್ಯ ರಾಷ್ಟ್ರಗಳು ಕಳಿಸಿಕೊಟ್ಟವರು. ಎಲ್ಲಿಗೆ, ಎಷ್ಟು ಜನ ಹೋಗಬೇಕೆಂದು ತೀರ್ಮಾನಿಸುವುದು ಭದ್ರತಾ ಮಂಡಳಿ. 1994ರಲ್ಲಿ ರುವಾಂಡಾದಲ್ಲಿ ನರಮೇಧ ನಡೆಯುತ್ತಿದ್ದಾಗಲೇ ಮಂಡಳಿ ಅಲ್ಲಿನ ಪಡೆಯನ್ನು ಸುಮಾರು 270 ಜನಕ್ಕೆ ಇಳಿಸಲು ನಿರ್ಧರಿಸಿತು. ನೆನೆದರೆ ಇಂದಿಗೂ ಸಂಕಟವಾಗುತ್ತದೆ.

ಸನ್ನದಿನ 99ನೇ ವಿಧಿ ಮಾತ್ರ ಅವರಿಗೊಂದು ದನಿ ಕೊಡುತ್ತದೆ: ಶಾಂತಿಗೆ ಅಪಾಯ ಕಂಡರೆ ತಾವಾಗಿಯೇ ಮಂಡಳಿಯ ಗಮನಕ್ಕೆ ತರಬಹುದು. 2023ರ ಡಿಸೆಂಬರ್ 6ರಂದು ಗಾಜಾ ವಿಚಾರದಲ್ಲಿ ಆಂಟೋನಿಯೊ ಗುಟೆರೆಸ್ ಇದನ್ನೇ ಬಳಸಿದರು. ಎರಡೇ ದಿನಕ್ಕೆ ಕದನವಿರಾಮದ ನಿರ್ಣಯ ಮತಕ್ಕೆ ಬಂತು. 13 ರಾಷ್ಟ್ರಗಳು ಪರ, ಬ್ರಿಟನ್ ತಟಸ್ಥ, ಅಮೆರಿಕದ ವೀಟೊ, ಅಂದರೆ ಕಾಯಂ ಸದಸ್ಯ ರಾಷ್ಟ್ರವೊಂದು ಒಂಟಿಯಾಗಿಯೇ ನಿರ್ಣಯವನ್ನು ತಡೆಯಬಲ್ಲ ಮತ. ನಿರ್ಣಯ ಅಲ್ಲಿಗೇ ಬಿದ್ದುಹೋಯಿತು.

ಪ್ರಧಾನ ಕಾರ್ಯದರ್ಶಿಯ ಕುರ್ಚಿಯೂ ಮಂಡಳಿಯ ಐದು ಕಾಯಂ ಸದಸ್ಯರ ಹಂಗಿನಲ್ಲಿದೆ. 1996ರಲ್ಲಿ ಆಗಿನ ಪ್ರಧಾನ ಕಾರ್ಯದರ್ಶಿ ಬುಟ್ರೋಸ್ ಘಾಲಿ ಪರ ಮಂಡಳಿಯ 15ರಲ್ಲಿ 14 ಮತ ಬಿದ್ದರೂ, ಅಮೆರಿಕ ಒಪ್ಪದ ಕಾರಣ ಎರಡನೇ ಅವಧಿ ಸಿಗಲಿಲ್ಲ.

ಉಳಿಯುವುದು ಮಾತುಕತೆ, ವಿಶ್ವಾಸ, ಖುದ್ದು ಹೋಗಿ ಎದುರು ಕೂರುವ ಛಲ. ನನ್ನ ಮಟ್ಟಿಗೆ ಆ ಹುದ್ದೆಯ ನಿಜವಾದ ಬಲ ಇದೇ. ಅಂದಿನ ಪ್ರಧಾನ ಕಾರ್ಯದರ್ಶಿ ಡಾಗ್ ಹ್ಯಾಮರ್‌ಷೋಲ್ಡ್ 1961ರ ಸೆಪ್ಟೆಂಬರಿನಲ್ಲಿ ಕಾಂಗೋ ಕದನವಿರಾಮದ ಮಾತುಕತೆಗೆಂದು ಹೊರಟಿದ್ದಾಗಲೇ, ಈಗಿನ ಜಾಂಬಿಯಾದ ಎನ್‌ಡೋಲಾ ಬಳಿ ವಿಮಾನ ಬಿದ್ದು ತೀರಿಕೊಂಡರು.